ಕಾಣಿಕೆ ಚೀಲ ಬರುವ ಮೊದಲು, ಹೋದ ಮೇಲೆ

ಕೇಳುಗರಿಗೆ ನಮಸ್ಕಾರ.

ಚರ್ಚಿನಲ್ಲಿ ಆರಾಧನೆಯ ನಡುವೆ ಹಾಡು ಶುರುವಾಗಿ ಕಾಣಿಕೆ ಚೀಲ ಸಾಲಿನ ಆ ತುದಿಯಿಂದ ಹೊರಟಾಗ ಜೇಬು ತಡಕುವವರೇ ಹೆಚ್ಚು. ಕೈಗೆ ಸಿಕ್ಕಿದ ನೋಟು ಚೀಲಕ್ಕೆ ಬೀಳುತ್ತದೆ. ಹೀಗೆ ಕೊಟ್ಟದ್ದು ವರ್ಷಕ್ಕೆ ಎಷ್ಟಾಯಿತು ಎಂದರೆ ಕೊಟ್ಟವರಿಗೇ ತಿಳಿದಿರುವುದಿಲ್ಲ. ಯೇಸುವಿನ ಅಪೊಸ್ತಲನಾದ ಪೌಲನು ಕೊರಿಂಥ ಊರಿನ ವಿಶ್ವಾಸಿಗಳಿಗೆ ಬರೆದ ಮೊದಲನೆಯ ಪತ್ರಿಕೆಯ 16ನೇ ಅಧ್ಯಾಯದಲ್ಲಿ ಹೇಳಿದ್ದು ಬೇರೆಯೇ ಕ್ರಮ: ವಾರದ ಮೊದಲನೆಯ ದಿನ, ಪ್ರತಿಯೊಬ್ಬರೂ, ತಮ್ಮ ಸಂಪಾದನೆಗೆ ತಕ್ಕಂತೆ ತೆಗೆದಿಡಬೇಕು, ತಾನು ಬಂದ ಮೇಲೆ ವಸೂಲಿಗೆ ಇಳಿಯುವಂತಾಗಬಾರದು. ಆ ಹಣ ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿತ್ತು ನಿಜ. ಆದರೆ ಸ್ವಂತ ಸಭೆಗೆ, ಅಂದರೆ ನಮ್ಮ ಚರ್ಚಿಗೆ, ಕೊಡುವುದಕ್ಕೂ ಅದೇ ಕ್ರಮ ಚೆನ್ನಾಗಿ ಒದಗುತ್ತದೆ.

ಎಷ್ಟು ಕೊಡಬೇಕು ಎಂದ ಕೂಡಲೇ ದಶಮಾಂಶದ, ಅಂದರೆ ಹತ್ತರಲ್ಲೊಂದು ಪಾಲಿನ ಮಾತು ಬರುತ್ತದೆ. ಬೈಬಲಿನ ಯಾಜಕಕಾಂಡದ 27ನೇ ಅಧ್ಯಾಯ ಹೇಳುವ ದಶಮಾಂಶ ಹೊಲದ ಬೆಳೆ, ಮರದ ಹಣ್ಣು, ದನಕುರಿಗಳ ಮೇಲಿನದು. ಅರಣ್ಯಕಾಂಡದ 18ನೇ ಅಧ್ಯಾಯದಂತೆ ಅದು ದೇವರ ಸೇವೆಗೆ ನಿಂತ, ಜಮೀನಿನ ಪಾಲಿಲ್ಲದ ಲೇವಿಯರ ಕುಲಕ್ಕೆ ಸಲ್ಲುತ್ತಿತ್ತು. ಲೇವಿಯರೂ ತಮಗೆ ಬಂದದ್ದರಲ್ಲಿ ಹತ್ತನೆಯ ಒಂದು ಪಾಲು ಕೊಡಬೇಕಿತ್ತು. ಧರ್ಮೋಪದೇಶಕಾಂಡದ 14ನೇ ಅಧ್ಯಾಯ ಇನ್ನೂ ಕುತೂಹಲದ್ದು. ಅಲ್ಲಿ ಒಂದು ದಶಮಾಂಶವನ್ನು ಮನೆಯವರೆಲ್ಲ ಕೂಡಿ ದೇವರ ಮುಂದೆ ಊಟ ಮಾಡಿ ಸಂತೋಷಪಡಲು ಬಳಸಬೇಕು. ಮೂರು ವರ್ಷಕ್ಕೊಮ್ಮೆ ಅದು ಲೇವಿ, ಪರದೇಶಿ, ಅನಾಥ, ವಿಧವೆಯರಿಗೆ ಹೋಗಬೇಕು. ಇವೆಲ್ಲ ಬೇರೆ ಬೇರೆ ಎಂದು ಲೆಕ್ಕ ಹಾಕಿದರೆ ಮೊತ್ತ ನೂರಕ್ಕೆ ಹತ್ತನ್ನು ದಾಟುತ್ತದೆ. ಆ ಊಟದ ವಚನವನ್ನು ಕಾಣಿಕೆಯ ಉಪದೇಶದಲ್ಲಿ ಎತ್ತುವವರು ಮಾತ್ರ ಕಡಿಮೆ!

ಪೌಲನ ಪತ್ರಿಕೆಗಳಲ್ಲಿ ಶೇಕಡಾ ದರವೇ ಇಲ್ಲ. ಮನಸ್ಸಿನಲ್ಲಿ ನಿಶ್ಚಯಿಸಿದಷ್ಟು, ಬಲವಂತವಿಲ್ಲದೆ, ಎಂದಷ್ಟೇ. ಸಭೆಗಳಲ್ಲಿ ದಶಮಾಂಶವನ್ನು ಕಡ್ಡಾಯ ಮಾಡಿದ್ದು ನಂತರದವರು: 585ರಲ್ಲಿ ಈಗಿನ ಫ್ರಾನ್ಸಿನ ಮಾಕೋನ್‌ನಲ್ಲಿ ಸೇರಿದ ಬಿಷಪರ ಸಭಾಕೂಟ ದಶಮಾಂಶ ಕೊಡದವರಿಗೆ ಬಹಿಷ್ಕಾರ ವಿಧಿಸಿತು, 779ರಲ್ಲಿ ಫ್ರಾಂಕರ ದೊರೆ ಶಾರ್ಲಮೇನ್ ಅದನ್ನು ರಾಜ್ಯದ ಕಾನೂನಾಗಿಸಿದ. ಹತ್ತು ಒಳ್ಳೆಯ ಗುರುತುಗಲ್ಲು. ಆದರೆ ಅದನ್ನು ತೋರಿಸಿ ಯಾರನ್ನೂ ಹೆದರಿಸಬಾರದು.

ಸಂಬಳದವರು ಮೊದಲು ಕಡಿತಕ್ಕೆ ಮುಂಚಿನ ಮೊತ್ತದ ಮೇಲೋ, ಕೈಗೆ ಬಂದದ್ದರ ಮೇಲೋ ಎಂದು ಒಮ್ಮೆ ತೀರ್ಮಾನಿಸಿ ಅದಕ್ಕೇ ಅಂಟಿಕೊಳ್ಳಲಿ. ತಿಂಗಳಿಗೊಂದು ಲೆಕ್ಕ ಹಿಡಿದರೆ ಗೊಂದಲ ತಪ್ಪದು. ಸಂಬಳ ಬಂದ ದಿನವೇ ಆ ಪಾಲನ್ನು ಬೇರೆ ಲಕೋಟೆಗೋ ಬೇರೆ ಖಾತೆಗೋ ಹಾಕಿಬಿಡಬೇಕು. ತಿಂಗಳ ಕೊನೆಗೆ ಉಳಿದದ್ದರಲ್ಲಿ ಕೊಡುತ್ತೇನೆ ಎಂದರೆ ಉಳಿಯುವುದೇ ಇಲ್ಲ. ವ್ಯಾಪಾರಿಗಳು ಎಡವುವುದು ಬೇರೆ ಕಡೆ. ಮಾರಾಟದ ಒಟ್ಟು ಹಣದ ಮೇಲೆ ಹತ್ತರಲ್ಲೊಂದು ತೆಗೆದರೆ ಸರಕು ತರುವ ಬಂಡವಾಳವೇ ಕರಗುತ್ತದೆ. 100ಕ್ಕೆ ಮಾರಿದ್ದರಲ್ಲಿ 80 ಸರಕಿನ ಖರ್ಚಾದರೆ ಆದಾಯ 20, ದಶಮಾಂಶ 2. ಗೊತ್ತಾದ ಸಂಬಳವಿಲ್ಲದವರು ಹಣ ಬಂದಾಗಲೆಲ್ಲ ಅದೇ ಪ್ರಮಾಣ ತೆಗೆದಿಟ್ಟರಾಯಿತು.

ಸಾಲದ ಬಡ್ಡಿ ಹಿಂಡುತ್ತಿರುವವರು ನೂರಕ್ಕೆ ಎರಡರಿಂದ ಶುರು ಮಾಡಿ ಸಾಲ ಇಳಿದಂತೆ ಏರಿಸಬಹುದು. ಸಾಲ ಮಾಡಿ ಕಾಣಿಕೆ ಕೊಡುವುದು ಬೇಡವೇ ಬೇಡ. ಇಲ್ಲದ್ದನ್ನಲ್ಲ, ಇದ್ದದ್ದರ ಪ್ರಕಾರ ಕೊಟ್ಟರೆ ಅದು ಮೆಚ್ಚಿಕೆ ಎಂದು ಎರಡನೆಯ ಕೊರಿಂಥದ 8ನೇ ಅಧ್ಯಾಯದಲ್ಲೇ ಇದೆ. ಹೆತ್ತವರ ಔಷಧದ ಹಣವನ್ನು ಕಾಣಿಕೆಗೆ ತಿರುಗಿಸುವುದೂ ಸಲ್ಲದು. ದೇವರಿಗೆ ಮುಡಿಪು ಎಂದು ಹೇಳಿ ತಂದೆತಾಯಿಯ ಕೈಬಿಡುವುದನ್ನು ಯೇಸು ಖಂಡಿಸಿದ್ದು ಮಾರ್ಕನ 7ನೇ ಅಧ್ಯಾಯದಲ್ಲಿದೆ.

ಇನ್ನು ಚೀಲ ಮುಂದೆ ಹೋದ ಮೇಲಿನ ಮಾತು. ಆ ಹಣ ಏನಾಯಿತು ಎಂದು ಕೇಳಿದರೆ ಅಪನಂಬಿಕೆಯಾದೀತು ಎಂದು ಹಲವರಿಗೆ ಸಂಕೋಚ. ಆದರೆ ಪೌಲನೇ, ಯೆರೂಸಲೇಮಿಗೆಂದು ಕೂಡಿಸಿದ ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ತಪ್ಪು ಹೊರಿಸಬಾರದೆಂದು, ಸಭೆಗಳು ಆರಿಸಿದವನನ್ನು ಜೊತೆಗೆ ಕರೆದುಕೊಂಡ.

ಎಣಿಸುವವರು ಕನಿಷ್ಠ ಇಬ್ಬರಿರಬೇಕು, ಒಂದೇ ಮನೆಯವರಾಗಬಾರದು. ಆರಾಧನೆ ಮುಗಿದ ದಿನವೇ ಎಣಿಸಿ, ಯಾವ ನೋಟು ಎಷ್ಟು, ಚಿಲ್ಲರೆ ಎಷ್ಟು, ಚೆಕ್ ಎಷ್ಟು ಎಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಬೇಕು. ಹಣ ಪೂರ್ತಿ ಬ್ಯಾಂಕಿಗೆ ಹೋಗಬೇಕು, ಮುಂದಿನ ಕೆಲಸದ ದಿನವೇ. ಬಹಳ ಕಡೆ ಲೆಕ್ಕ ಕೆಡುವುದು ಇಲ್ಲೇ: ಹೂವಿಗೆ, ಆಟೋಗೆ ಎಂದು ಚೀಲದಿಂದಲೇ ಸ್ವಲ್ಪ ತೆಗೆಯುತ್ತಾರೆ. ಆಮೇಲೆ ಹಾಳೆಯ ಮೊತ್ತವೂ ಬ್ಯಾಂಕಿನ ಮೊತ್ತವೂ ಯಾವತ್ತೂ ಕೂಡುವುದಿಲ್ಲ, ಕಳ್ಳತನವಾದರೂ ತಿಳಿಯುವುದಿಲ್ಲ. ಎಣಿಸಿದವರೇ ಲೆಕ್ಕ ಬರೆಯಬಾರದು, ಲೆಕ್ಕ ಬರೆದವರೇ ಬ್ಯಾಂಕಿನ ವಿವರಪಟ್ಟಿ ತಾಳೆ ನೋಡಬಾರದು. ಸಭಾಪಾಲಕರು, ಅಂದರೆ ಪಾಸ್ಟರು, ಎಣಿಕೆಯ ಮೇಜಿನ ಹತ್ತಿರ ಬಾರದಿರುವುದು ಅವರ ಹೆಸರಿಗೇ ಒಳ್ಳೆಯದು.

ಫೋನಿನಲ್ಲಿ ಕೊಡುವವರು ಕ್ಯೂಆರ್ ಕೋಡ್ ಹಿಡಿದ ಮೇಲೆ ಪರದೆಯಲ್ಲಿ ಸಭೆಯ ಹೆಸರು ಬಂದಿದೆಯೇ ನೋಡಲಿ. ಅಸಲಿನ ಮೇಲೆ ಬೇರೆಯವರ ಸ್ಟಿಕ್ಕರ್ ಅಂಟಿಸುವ ಮೋಸವಿದೆ. ಸಭಾಪಾಲಕರ ಹೆಸರಿನಲ್ಲಿ ತುರ್ತು ಹಣ ಕೇಳುವ ಸಂದೇಶ ಬಂದರೆ ನಿಮ್ಮಲ್ಲಿರುವ ಹಳೆಯ ನಂಬರಿಗೆ ಕರೆ ಮಾಡಿ ಕೇಳಿದ ಮೇಲೆಯೇ ಮುಂದಿನ ಮಾತು.

ಚಾವಣಿಗೆಂದು ಕೊಟ್ಟದ್ದು ಚಾವಣಿಗೇ. ಕೆಲಸ ನಿಂತುಹೋದರೆ ಕೊಟ್ಟವರನ್ನು ಕೇಳಿಯೇ ಬೇರೆಡೆಗೆ ತಿರುಗಿಸಬೇಕು. ಇದಕ್ಕೆ ಇನ್ನೊಂದು ಮಗ್ಗುಲೂ ಇದೆ: ಎಲ್ಲರೂ ಹೊಸ ಕೀಬೋರ್ಡಿಗೆ, ಗಂಟೆಗೆ ಎಂದು ಹೆಸರು ಬರೆದು ಕೊಟ್ಟರೆ ಕರೆಂಟ್ ಬಿಲ್ಲಿಗೆ ಕೊಡುವವರು ಯಾರು? ಹೆಚ್ಚಿನ ಪಾಲು ಸಾಮಾನ್ಯ ನಿಧಿಗೆ ಇರಲಿ.

ಬಲಗೈ ಮಾಡಿದ್ದು ಎಡಗೈಗೆ ತಿಳಿಯಬಾರದು ಎಂಬ ಮಾತನ್ನು ಹಿಡಿದು ರಸೀದಿ ಬೇಡ ಎನ್ನುವವರಿದ್ದಾರೆ. ಆ ಮಾತು ಡಂಗುರದ ವಿರುದ್ಧ, ಲೆಕ್ಕದ ವಿರುದ್ಧವಲ್ಲ. ನಿಮ್ಮ ಕಾಣಿಕೆ ಲಕೋಟೆಗೆ ಸಭೆಯಿಂದ ನಿಮ್ಮದೇ ಒಂದು ಸಂಖ್ಯೆ ಪಡೆಯಿರಿ, ಕೊಟ್ಟ ದಿನಾಂಕ, ಮೊತ್ತ ಮನೆಯಲ್ಲೂ ಬರೆದಿಡಿ. ವರ್ಷದ ಕೊನೆಯ ರಸೀದಿಯಲ್ಲಿ ವ್ಯತ್ಯಾಸ ಕಂಡರೆ ಖಜಾಂಚಿಯನ್ನು ಬೇಗ ಕೇಳಿ. ಆ ವಾರದ ಸಹಿ ಹಾಕಿದ ಎಣಿಕೆ ಹಾಳೆ ತೆಗೆದರೆ, ನಿಮ್ಮ ಲಕೋಟೆ ಬೇರೆಯವರ ಸಂಖ್ಯೆಗೆ ಜಮೆಯಾಗಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.

ನಮಸ್ಕಾರ.