ನೀರು ಒಳಗೇ ಬರಲಿ ಬಿಡಿ

ಕೇಳುಗರಿಗೆ ನಮಸ್ಕಾರ.

ಪ್ಲಾಸ್ಟಿಕ್ ಕಿಟ್ ತಂದು, ತುಂಡುಗಳನ್ನು ಅಂಟಿಸಿ, ಬಣ್ಣ ಬಳಿದು ಕಪಾಟಿನಲ್ಲಿಡುವ ಹವ್ಯಾಸ ನಿಮ್ಮಲ್ಲಿ ಕೆಲವರಿಗಾದರೂ ಇರಬಹುದು. ಸಬ್‌ಮರೀನ್ ಕಟ್ಟಿದವರಿಗೆ ಮಾತ್ರ ಅಷ್ಟಕ್ಕೇ ಸಮಾಧಾನ ಆಗುವುದಿಲ್ಲ. ಇದು ನಿಜವಾಗಿ ಮುಳುಗಿ ಎದ್ದರೆ ಹೇಗಿರುತ್ತದೆ ಅನ್ನೋ ಆಸೆ ಹುಟ್ಟುತ್ತದೆ. ದಡದಲ್ಲಿ ನಿಂತು ರಿಮೋಟ್‌ನಿಂದ ಅದನ್ನು ಓಡಿಸುವ ಬಗ್ಗೆ ಇವತ್ತಿನ ಮಾತು.

ಮೊದಲು ಕಿಟ್. ರೆವೆಲ್ ಕಂಪನಿಯ 1/72 ಅಳತೆಯ ಯು-ಬೋಟ್, ಅಂದರೆ ಜರ್ಮನ್ ಸಬ್‌ಮರೀನ್, ಅದರಲ್ಲೂ ಟೈಪ್ 7ಸಿ, ಈ ಕೆಲಸಕ್ಕೆ ಹೆಸರಾದದ್ದು. ನಿಜವಾದ ದೋಣಿ 67 ಮೀಟರ್ ಉದ್ದ, ಕಿಟ್ ಸುಮಾರು 93 ಸೆಂಟಿಮೀಟರ್. ಅದೇ ಅಳತೆಯ ಅಮೆರಿಕನ್ ಸಬ್‌ಮರೀನ್ ಗ್ಯಾಟೊ 1.3 ಮೀಟರ್ ಬರುತ್ತದೆ. ಹೊಸಬರು ಚಿಕ್ಕದು ಸುಲಭ ಅಂದುಕೊಂಡು 1/144ರ ಕಿಟ್ ಎತ್ತಿಕೊಳ್ಳುತ್ತಾರೆ. ಉದ್ದ ಅರ್ಧವಾದರೆ ಒಳಗಿನ ಜಾಗ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಬ್ಯಾಟರಿ, ಮೋಟಾರು ಎಲ್ಲಿ ತುರುಕುವುದು? ದೊಡ್ಡದೇ ಸಲೀಸು.

ಇನ್ನು ಮುಖ್ಯ ವಿಷಯ. ದೋಣಿ ಅಂದ ಕೂಡಲೇ ಒಳಗೆ ನೀರು ಬರಬಾರದು ಅಂತ ನಮ್ಮ ತಲೆಯಲ್ಲಿ ಕೂತಿರುತ್ತದೆ. ಇಲ್ಲಿ ಅದು ಉಲ್ಟಾ. ಇಡೀ ಒಡಲನ್ನು ಗಾಳಿಯಾಡದಂತೆ ಮುಚ್ಚಿಬಿಟ್ಟರೆ, ಅದನ್ನು ಮುಳುಗಿಸಲು ಕೇಜಿಗಟ್ಟಲೆ ಸೀಸ ಬೇಕು. ಮೇಲಾಗಿ ಅಷ್ಟುದ್ದದ ಅಂಟಿನ ಜೋಡಣೆ ಎಲ್ಲಾದರೂ ಸೋರಿಯೇ ಸೋರುತ್ತದೆ. ಅದಕ್ಕೇ ಒಡಲೊಳಗೆ ನೀರು ಧಾರಾಳವಾಗಿ ನುಗ್ಗಲಿ. ಒಣಗಿರಬೇಕಾದದ್ದು ಒಂದೇ ಒಂದು ಕೊಳವೆ.

ಆ ಕೊಳವೆ ಪಾರದರ್ಶಕ ಅಕ್ರಿಲಿಕ್ ಅಥವಾ ಪಾಲಿಕಾರ್ಬನೇಟಿನದು. ಎರಡೂ ತುದಿಗೆ ರಬ್ಬರಿನ ಓ-ರಿಂಗ್ ಹಾಕಿದ ಮುಚ್ಚಳ. ಸಾಮಾನ್ಯವಾಗಿ ಮುಂದೆ ಬ್ಯಾಟರಿ, ನಡುವೆ ನೀರಿನ ಟ್ಯಾಂಕ್, ಹಿಂದೆ ಮೋಟಾರು, ಚುಕ್ಕಾಣಿ ತಿರುಗಿಸುವ ಸರ್ವೋ, ರಿಮೋಟಿನ ಸಿಗ್ನಲ್ ಹಿಡಿಯುವ ರಿಸೀವರ್. ಟ್ಯಾಂಕಿಗೆ ನೀರು ತುಂಬಿದರೆ ದೋಣಿ ಮುಳುಗುತ್ತದೆ, ಹೊರಹಾಕಿದರೆ ಏಳುತ್ತದೆ. ಟ್ಯಾಂಕ್ ದೋಣಿಯ ನಟ್ಟನಡುವೆ ಇರಲಿ. ಇಲ್ಲದಿದ್ದರೆ ನೀರು ತುಂಬಿದ ಕೂಡಲೇ ಮೂತಿಯೋ ಬಾಲವೋ ಬಗ್ಗುತ್ತದೆ. ಸೋರುತ್ತದೆಯಾ ಅಂತ ನೋಡಲು ಕೊಳವೆಯನ್ನು ಬಕೆಟ್ ನೀರಲ್ಲಿ ಅದುಮಿ ಹಿಡಿದು, ಸಣ್ಣ ಪೈಪಿನಿಂದ ಒಳಗೆ ಊದಿ. ಗುಳ್ಳೆ ಎಲ್ಲಿಂದ ಏಳುತ್ತದೋ ಅಲ್ಲೇ ತೂತು. ಹೆಚ್ಚಾಗಿ ಅದು ದೋಣಿಯನ್ನು ತಳ್ಳುವ ಫ್ಯಾನಿನ ದಂಡ ಹೊರಬರುವ ಜಾಗವೇ ಆಗಿರುತ್ತದೆ.

ನೀರು ನುಗ್ಗಲು ದಾರಿಯೂ ಬೇಕಲ್ವಾ? ನಿಜವಾದ ಯು-ಬೋಟಿನ ಪಕ್ಕದಲ್ಲಿ ಸಾಲುಸಾಲು ಸೀಳುಗಳಿವೆ. ಕಿಟ್‌ನಲ್ಲಿ ಅವುಗಳಲ್ಲಿ ಬಹಳಷ್ಟು ಬರೀ ತಗ್ಗುಗಳು. ಹೊರಗಿನಿಂದ ಕೊರೆದರೆ ಅಂಚು ಕಿತ್ತುಹೋಗುತ್ತದೆ. ಒಳಗಿನಿಂದ ಪ್ಲಾಸ್ಟಿಕ್ ಹೆರೆಯುತ್ತಾ ಬನ್ನಿ. ಬೆಳಕಿಗೆ ಹಿಡಿದಾಗ ಸೀಳಿನ ಆಕಾರ ಮಸುಕಾಗಿ ಕಾಣತೊಡಗುತ್ತದೆ. ಆಗ ಚೂಪಾದ ಚಾಕುವಿನ ತುದಿ ತಾಗಿಸಿದರೆ ಸಾಕು. ಬೇಜಾರಿನ ಕೆಲಸ, ನಿಜ. ಆದರೆ ಡೆಕ್ಕಿನಲ್ಲೂ ತೂತುಗಳಿರದಿದ್ದರೆ ಅದರ ಕೆಳಗೆ ಗಾಳಿ ಸಿಕ್ಕಿಕೊಂಡು ದೋಣಿ ವಾಲಾಡುತ್ತದೆ.

ಟ್ಯಾಂಕ್ ಎಷ್ಟು ದೊಡ್ಡದಿರಬೇಕು? ಇಲ್ಲಿ ಪ್ಲಾಸ್ಟಿಕ್ಕಿನ ಒಂದು ಗುಣ ನಮ್ಮ ನೆರವಿಗೆ ಬರುತ್ತದೆ. ಕಿಟ್‌ನ ಪ್ಲಾಸ್ಟಿಕ್, ಅಂದರೆ ಪಾಲಿಸ್ಟೈರೀನ್, ನೀರಿಗಿಂತ ಸುಮಾರು ಶೇಕಡಾ 5ರಷ್ಟು ಮಾತ್ರ ಭಾರ. ಮುಳುಗಿದಾಗ ಅದಕ್ಕೆ ತೂಕವೇ ಇಲ್ಲ ಅನ್ನಬಹುದು. ಡೆಕ್ಕು, ಗೋಪುರ ನೀರಿನಿಂದ ಮೇಲೆದ್ದಾಗ ಪೂರಾ ತೂಕ ದೋಣಿಯ ಮೇಲೆ ಬೀಳುತ್ತದೆ. ಹಾಗಾಗಿ ನೀರಿನ ಮೇಲೆ ಕಾಣುವ ಪ್ಲಾಸ್ಟಿಕ್ 200 ಗ್ರಾಂ ಇದ್ದರೆ, ಟ್ಯಾಂಕು ಸುಮಾರು 190 ಮಿಲಿಲೀಟರ್ ನೀರು ಹೊರಹಾಕಬೇಕು. ತೇಲಲು ನೆರವಾಗಲಿ ಅಂತ ಮೇಲ್ಭಾಗದಲ್ಲಿ ಫೋಮ್ ಇಟ್ಟರೆ ಅದರ ಗಾತ್ರವನ್ನೂ ಸೇರಿಸಿ. ಹಿತ್ತಾಳೆಯ ಕಟಕಟೆ, ಲೋಹದ ತೋಪು ಚೆಂದವೇ. ಆದರೆ ತಲೆ ಭಾರವಾಗಿ ದೋಣಿ ಪಕ್ಕಕ್ಕೆ ಉರುಳುತ್ತದೆ. ನನ್ನ ಕೇಳಿದರೆ ಅವು ಕಪಾಟಿನ ಮಾದರಿಗೇ ಇರಲಿ.

ತೂಕ ಹೊಂದಿಸುವಾಗ ಮೊದಲು ತೇಲುವ ಮಟ್ಟ ಸರಿಮಾಡಿ. ಅದಕ್ಕೆ ತಳದಲ್ಲಿ ಸೀಸ, ನೀರಿನ ಗೆರೆಯ ಕೆಳಗೆ ಫೋಮ್. ಆಮೇಲೆ ಟ್ಯಾಂಕ್ ತುಂಬಿಸಿ ಮುಳುಗಿಸಿ, ಗೆರೆಯ ಮೇಲೆ ಫೋಮ್ ಸೇರಿಸುತ್ತಾ ಹೋಗಿ. ಮೇಲಿನ ಫೋಮ್ ತೇಲುವಾಗ ನೀರಿನ ಹೊರಗಿರುತ್ತದೆ, ಆದ್ದರಿಂದ ಮೊದಲು ಮಾಡಿದ ಲೆಕ್ಕ ಅಷ್ಟಾಗಿ ಕೆಡುವುದಿಲ್ಲ. ಗೋಪುರದ ತುದಿ ಮಾತ್ರ ಇಣುಕುವಷ್ಟು ಹಗುರ ಉಳಿಸಿ. ಉಳಿದದ್ದನ್ನು ಓಡುವಾಗ ದೋಣಿಯ ಪಕ್ಕದ ಪುಟ್ಟ ರೆಕ್ಕೆಗಳೇ ಕೆಳಗೆ ಒತ್ತುತ್ತವೆ.

ಕೊನೆಗೆ ರೇಡಿಯೋ. ಈ ಮಾತು ನಿಮ್ಮ ಕಿವಿಗೆ ಬರುತ್ತಿರುವುದೂ ರೇಡಿಯೋ ಅಲೆಯಲ್ಲೇ. ಗಾಳಿಯಲ್ಲಿ ಅದಕ್ಕೆ ಅಡ್ಡಿಯಿಲ್ಲ. ನೀರಲ್ಲಿ ಹಾಗಲ್ಲ. ಈಗಿನ ರಿಮೋಟುಗಳ 2.4 ಗಿಗಾಹರ್ಟ್ಸ್ ಅಲೆ ಕೆಲವು ಇಂಚು ಇಳಿಯುವಷ್ಟರಲ್ಲಿ ಸೊರಗಿಹೋಗುತ್ತದೆ. ಅದಕ್ಕೇ ಈ ಹವ್ಯಾಸದವರು ಹಳೆಯ 40 ಅಥವಾ 75 ಮೆಗಾಹರ್ಟ್ಸ್ ಸೆಟ್ಟುಗಳನ್ನು ಜೋಪಾನ ಮಾಡುತ್ತಾರೆ. ಯಾವುದಕ್ಕೆ ಅನುಮತಿ ಅನ್ನೋದು ದೇಶಕ್ಕೊಂದು ಥರ, ಕೇಳಿಕೊಳ್ಳಿ. ಸಮುದ್ರದ ಉಪ್ಪುನೀರಲ್ಲಿ ಇವೂ ಕೆಲಸಕ್ಕೆ ಬಾರವು. ಸಿಹಿನೀರೇ ಬೇಕು.

ಅಲೆ ತಪ್ಪಿದರೆ ಏನು ಗತಿ? ಅದಕ್ಕೆ ಫೇಲ್‌ಸೇಫ್ ಇದೆ. ಸಿಗ್ನಲ್ ನಿಂತರೆ ಟ್ಯಾಂಕ್ ತಾನಾಗಿ ನೀರು ಕಕ್ಕುವ ಹಾಗೆ ಮೊದಲೇ ಹೊಂದಿಸಿಡುವ ಏರ್ಪಾಡು ಅದು. ತೊಟ್ಟಿಯಲ್ಲಿ ದೋಣಿಯನ್ನು ಮುಳುಗಿಸಿಟ್ಟು ರಿಮೋಟ್ ಆಫ್ ಮಾಡಿ ನೋಡಿ. ಕೈ ಹಾಕದೆ ಮೇಲೆ ಬಂದರೆ ಮಾತ್ರ ಕೊಳಕ್ಕೆ ಒಯ್ಯಿರಿ. ನಮಸ್ಕಾರ.