ಡಿಕ್ಕಿಗೂ ಮೊದಲು ಅಲ್ಲೇನಿತ್ತು?

"ಇಂಡಿಯಾ ಫಲಕ ಏಷ್ಯಾಕ್ಕೆ ಗುದ್ದಿತು, ಗುದ್ದಿದ ಬಿಸಿಗೆ ಬಂಡೆ ಕರಗಿತು, ಕರಗಿದ ಬಂಡೆಯಿಂದ ತಾಮ್ರ ಬಂತು." ಈ ವಿವರಣೆ ಎಷ್ಟು ಸಲ ಕೇಳಿದ್ದೀರೋ ಗೊತ್ತಿಲ್ಲ. ಇದರಲ್ಲಿ ಮೊದಲ ಮಾತು ನಿಜ. ಉಳಿದೆರಡನ್ನು ನಾನು ಒಪ್ಪುವುದಿಲ್ಲ. ಅವನ್ನು ನಂಬಿ ಅದಿರು ಹುಡುಕಲು ಹೊರಟರೆ ಕೊರೆಯುವ ಜಾಗವೇ ತಪ್ಪಿಹೋಗುತ್ತದೆ.

ಟಿಬೆಟ್‌ನ ದಕ್ಷಿಣಕ್ಕೆ ಬನ್ನಿ. ಎರಡು ಖಂಡಗಳು ಬೆಸೆದುಕೊಂಡ ಗೆರೆ ಬಹುಪಾಲು ಯಾರ್ಲುಂಗ್ ತ್ಸಾಂಗ್ಪೊ ನದಿಯ ಉದ್ದಕ್ಕೇ ಇದೆ. ಗೆರೆಯ ಉತ್ತರಕ್ಕೆ ಗಾಂಗ್‌ಡಿಸೆ ಎಂಬ ಬೆಟ್ಟಪಟ್ಟಿ. ಅಲ್ಲಿನ ಚೂಲೊಂಗ್ ತಾಮ್ರ–ಮಾಲಿಬ್ಡಿನಮ್ ನಿಕ್ಷೇಪದ ವಯಸ್ಸು ಸುಮಾರು 1.6 ಕೋಟಿ ವರ್ಷ. ಡಿಕ್ಕಿ ಶುರುವಾಗಿದ್ದು 5ರಿಂದ 6 ಕೋಟಿ ವರ್ಷಗಳ ಹಿಂದೆ. ಅಂದರೆ ಗುದ್ದಿದ ಮೇಲೆ ಮೂರು ಕೋಟಿ ವರ್ಷಕ್ಕೂ ಹೆಚ್ಚು ಕಾಲ ಕಳೆದು ಅದಿರು ಬಂತು. ಇನ್ನು ಗೆರೆಯ ದಕ್ಷಿಣಕ್ಕೆ ನೋಡಿ. ಹಿಮಾಲಯದ ಎತ್ತರದ ಸಾಲಿನಲ್ಲಿ ಬಿಳಿಚಿದ ಗ್ರಾನೈಟ್‌ಗಳಿವೆ, ಬಹಳಷ್ಟರ ವಯಸ್ಸು 2.4ರಿಂದ 1.5 ಕೋಟಿ ವರ್ಷ. ಅದೇ ಡಿಕ್ಕಿ, ಹೆಚ್ಚುಕಡಿಮೆ ಅದೇ ಕಾಲ. ಆದರೆ ಇಲ್ಲಿ ಚೂಲೊಂಗ್‌ನಂಥ ತಾಮ್ರವಿಲ್ಲ. ಸಿಗುವುದು ಬೆರಿಲಿಯಂ, ಲಿಥಿಯಂ, ತವರ, ಟಂಗ್‌ಸ್ಟನ್‌ಗಳ ಸುಳಿವು. ಡಿಕ್ಕಿಯೇ ತಾಮ್ರ ತರುವುದಾದರೆ ಎರಡೂ ಕಡೆ ತರಬೇಕಿತ್ತಲ್ಲವೇ?

ವ್ಯತ್ಯಾಸ ಇರುವುದು ಡಿಕ್ಕಿಗೂ ಹಿಂದಿನ ಚರಿತ್ರೆಯಲ್ಲಿ. ಇಂಡಿಯಾ, ಏಷ್ಯಾಗಳ ನಡುವೆ ಆಗ ಇದ್ದ ಟೆಥಿಸ್ ಸಾಗರದ ತಳ ಏಷ್ಯಾದ ದಕ್ಷಿಣ ಅಂಚಿನ ಅಡಿಗೆ ಕೋಟ್ಯಂತರ ವರ್ಷ ಜಾರಿ ಇಳಿಯುತ್ತಿತ್ತು. ಸುಮಾರು 100 ಕಿ.ಮೀ. ಆಳಕ್ಕೆ ಹೋದಾಗ ಆ ತಳ ತನ್ನೊಳಗಿನ ನೀರನ್ನು ಬಿಟ್ಟುಕೊಡುತ್ತದೆ. ನೀರು ಸೋಕಿದ ಮ್ಯಾಂಟಲ್, ಅಂದರೆ ಭೂಚಿಪ್ಪಿನ ಕೆಳಗಿನ ಬಿಸಿ ಬಂಡೆಪದರ, ಕಡಿಮೆ ಉಷ್ಣತೆಗೇ ಕರಗುತ್ತದೆ. ಹಾಗೆ ಹುಟ್ಟಿದ, ನೀರು ಮತ್ತು ಗಂಧಕ ತುಂಬಿದ ಶಿಲಾಪಾಕದಲ್ಲಿ (ಕರಗಿದ ಬಂಡೆಯಲ್ಲಿ) ಒಂದಷ್ಟು ಜ್ವಾಲಾಮುಖಿಯಾಗಿ ಮೇಲೆ ಬಂತು. ಇನ್ನೊಂದಷ್ಟು ಭೂಚಿಪ್ಪಿನ ತಳದಲ್ಲೇ ಹಾರ್ನ್‌ಬ್ಲೆಂಡ್ ಎಂಬ ಖನಿಜ ತುಂಬಿದ ಕಪ್ಪು ಶಿಲೆಯಾಗಿ ಗಟ್ಟಿಯಾಯಿತು, ತಾಮ್ರದ ಸಲ್ಫೈಡ್ ಸಮೇತ. ನಾನಿದನ್ನು ಇಡುಗಂಟು ಅನ್ನುತ್ತೇನೆ. ಡಿಕ್ಕಿಯಾದ ಮೇಲೆ ಚಿಪ್ಪು ಸುಮಾರು 70 ಕಿ.ಮೀ. ದಪ್ಪವಾಯಿತು. ಆಮೇಲೆ ಅಡಿಯ ಭಾರದ ಪದರ ಹರಿದೋ ಕಳಚಿಯೋ ಕೆಳಗೆ ಬಿತ್ತು, ಬಿಸಿ ಮ್ಯಾಂಟಲ್ ಮೇಲೇರಿತು, ಇಡುಗಂಟು ಮತ್ತೆ ಕರಗಿತು. ಇದರಲ್ಲಿ ಹಳೆಯ ಇಡುಗಂಟಿನ ಪಾಲೆಷ್ಟು, ಮ್ಯಾಂಟಲ್‌ನಿಂದ ಹೊಸದಾಗಿ ಬಂದ ಪೊಟ್ಯಾಸಿಯಂಭರಿತ ಶಿಲಾಪಾಕದ ಪಾಲೆಷ್ಟು ಎಂಬ ವಾದ ಇನ್ನೂ ನಡೆದಿದೆ. ಆದರೆ ಆ ಮ್ಯಾಂಟಲ್ ಕೂಡ ಜಾರಿದ ಸಾಗರತಳದ ನೀರುಂಡದ್ದೇ. ದಕ್ಷಿಣದಲ್ಲಿ ಇದ್ದದ್ದು ಇಂಡಿಯಾದ ಶಾಂತ ಕರಾವಳಿಯ ಮರಳು, ಜೇಡಿ, ಸುಣ್ಣದ ಪದರಗಳು. ಅದರಡಿಗೆ ಯಾವ ಸಾಗರತಳವೂ ಜಾರಿರಲಿಲ್ಲ. ಜೇಡಿಶಿಲೆ ಕರಗಿದರೆ ಬಿಳಿ ಅಭ್ರಕ, ಟೂರ್ಮಲಿನ್ ಇರುವ ಗ್ರಾನೈಟ್ ಬರುತ್ತದೆ, ತಾಮ್ರ ಬರುವುದಿಲ್ಲ.

ಹಾಗಾದರೆ ಕೈಯಲ್ಲಿರುವ ಕಲ್ಲು ಯಾವ ಬಗೆಯದು ಅಂತ ತಿಳಿಯುವುದು ಹೇಗೆ? ಎಲ್ಲರೂ ಮೊದಲು ಹಿಡಿಯುವುದು ಸ್ಟ್ರಾನ್ಷಿಯಂ–ಇಟ್ರಿಯಂ ಅನುಪಾತ. ಚಿಪ್ಪು ದಪ್ಪವಿದ್ದರೆ ಆಳದಲ್ಲಿ ಗಾರ್ನೆಟ್ ಖನಿಜ ಕರಗದೆ ಉಳಿದು ಇಟ್ರಿಯಂ ಹಿಡಿದಿಟ್ಟುಕೊಳ್ಳುತ್ತದೆ. ಸ್ಟ್ರಾನ್ಷಿಯಂ ಹಿಡಿಯುವ ಪ್ಲೇಜಿಯೋಕ್ಲೇಸ್ (ಒಂದು ಬಗೆಯ ಫೆಲ್ಡ್‌ಸ್ಪಾರ್ ಖನಿಜ) ಅಲ್ಲಿ ನಿಲ್ಲದ ಕಾರಣ ಸ್ಟ್ರಾನ್ಷಿಯಂ ಪಾಕದಲ್ಲೇ ಉಳಿಯುತ್ತದೆ. ಅನುಪಾತ 40 ದಾಟಿತು ಅಂದರೆ ಹಲವರು ಸಂಭ್ರಮಪಡುತ್ತಾರೆ. ನನ್ನ ತಕರಾರು ಎರಡು. ಒಂದು, ಅದು ದಪ್ಪ ಚಿಪ್ಪನ್ನೋ ನೀರಿರುವ ಪಾಕವನ್ನೋ ಸೂಚಿಸುತ್ತದೆ, ಅದಿರನ್ನಲ್ಲ. ಎರಡು, ಬಿಸಿನೀರು ಹರಿದು ಫೆಲ್ಡ್‌ಸ್ಪಾರ್ ಸೆರಿಸೈಟ್ (ನವುರಾದ ಬಿಳಿ ಅಭ್ರಕ) ಆದ ಮಾದರಿಯಲ್ಲಿ ಸ್ಟ್ರಾನ್ಷಿಯಂ ಕೊಚ್ಚಿಹೋಗಿರುತ್ತದೆ. ಕಾಯಿಸಿದಾಗ ಶೇ. 3ಕ್ಕಿಂತ ಹೆಚ್ಚು ತೂಕ ಕಳೆದುಕೊಳ್ಳುವ ಮಾದರಿಯ ಅನುಪಾತವನ್ನು ನಾನಂತೂ ನಂಬುವುದಿಲ್ಲ.

ಅದಕ್ಕಿಂತ, ನೆಲ ಕೊರೆದು ತೆಗೆದ ಕಲ್ಲಿನ ಕೋರ್ ತುಂಡೊಂದನ್ನು ಒದ್ದೆ ಮಾಡಿ, ಹತ್ತುಪಟ್ಟಿನ ಲೆನ್ಸ್ ಹಿಡಿದು ನೋಡಿ. ಹೊಸದಾಗಿ ಹುಟ್ಟಿದ ಪುಡಿಪುಡಿ ಕಂದು ಅಭ್ರಕ, ಅಂದರೆ ಬಯೋಟೈಟ್, ಕಾಣುತ್ತದೆ. ಅದನ್ನು ಸೀಳಿಕೊಂಡು ಹೋದ ಕ್ವಾರ್ಟ್ಜ್ ಎಳೆಯ ಅಂಚಿನಲ್ಲಿ ಮಾಲಿಬ್ಡಿನಮ್‌ನ ಅದಿರಾದ ಮಾಲಿಬ್ಡಿನೈಟ್, ಮುಟ್ಟಿದರೆ ಪೆನ್ಸಿಲ್ ಸೀಸದ ಹಾಗೆ ಬೆರಳಿಗೆ ಬೂದು ಬಣ್ಣ ಹತ್ತುತ್ತದೆ. ಆ ಎಳೆಯನ್ನೇ ಕತ್ತರಿಸುವ ಇನ್ನೊಂದು ಪೈರೈಟ್ (ಕಬ್ಬಿಣದ ಸಲ್ಫೈಡ್) ಎಳೆ, ಅದರ ಎರಡೂ ಬದಿಗೆ ಬಣ್ಣಗೆಟ್ಟ ಬಿಳಿಚು ಪಟ್ಟಿ. ಕತ್ತರಿಸಿದ್ದು ಕಿರಿಯದು, ಕತ್ತರಿಸಿಕೊಂಡದ್ದು ಹಿರಿಯದು. ಹಿರಿಯದರಿಂದ ಕಿರಿಯದಕ್ಕೆ ಬಿಸಿ ಇಳಿದ ಕ್ರಮ ಅಂಗೈಯಲ್ಲೇ ಇದೆ.

ಆ ಮಾಲಿಬ್ಡಿನೈಟ್ ಒಳ್ಳೆಯ ಗಡಿಯಾರ ಕೂಡ. ಹುಟ್ಟುವಾಗ ರೀನಿಯಂ ಸೇರಿಸಿಕೊಳ್ಳುತ್ತದೆ, ಆಸ್ಮಿಯಂ ಹೆಚ್ಚುಕಡಿಮೆ ಇರುವುದೇ ಇಲ್ಲ. ಹಾಗಾಗಿ ಈಗ ಸಿಗುವ ಆಸ್ಮಿಯಂ–187 ಎಲ್ಲಾ ರೀನಿಯಂ ಕ್ಷಯಿಸಿ ಬಂದದ್ದು. ಎಡವುವುದು ಎಲ್ಲಿ ಅಂದರೆ, ದೊಡ್ಡ ಹಾಳೆಗಳಲ್ಲಿ ಆಸ್ಮಿಯಂ ಹುಟ್ಟಿದ ಜಾಗದಿಂದ ಸರಿದುಬಿಟ್ಟಿರುತ್ತದೆ. ಒಂದು ಚೂರು ಕಿತ್ತು ಅಳೆದರೆ ವಯಸ್ಸು ತಪ್ಪುತ್ತದೆ. ಆ ಎಳೆಯೊಳಗಿನ ಮಾಲಿಬ್ಡಿನೈಟನ್ನು ಆದಷ್ಟೂ ಒಟ್ಟು ಮಾಡಿ ಅರೆದು ಬೆರೆಸಬೇಕು, ಬಂದ ವಯಸ್ಸನ್ನು ಶಿಲೆಯಲ್ಲಿರುವ ಜರ್ಕಾನ್ ಹರಳುಗಳ ಯುರೇನಿಯಂ–ಸೀಸದ ವಯಸ್ಸಿನ ಪಕ್ಕ ಇಟ್ಟು ನೋಡಬೇಕು.

ವಯಸ್ಸಿಗೆ ಇಷ್ಟು ಒತ್ತು ಕೊಡುವುದು ಯಾಕೆ ಅಂದರೆ, ಮಧ್ಯ ಏಷ್ಯಾವನ್ನು ನಕ್ಷೆಯಲ್ಲಿ ಒಂದೇ ಬಣ್ಣದಲ್ಲಿ ಬಳಿದುಬಿಡುತ್ತಾರೆ. ಮಂಗೋಲಿಯಾದ ಓಯು ತೊಲ್ಗೊಯ್ ತಾಮ್ರ–ಚಿನ್ನ ಸುಮಾರು 37 ಕೋಟಿ ವರ್ಷ ಹಳೆಯದು, ಅಲ್ಲಿನ ಸಾಗರ ಇನ್ನೂ ಮುಚ್ಚಿರದ ಕಾಲದ ಜ್ವಾಲಾಮುಖಿ ದ್ವೀಪಸಾಲಿನದು. ಉಜ್ಬೇಕಿಸ್ತಾನದ ಮುರುಂತೌ ಚಿನ್ನ ಸುಮಾರು 29 ಕೋಟಿ ವರ್ಷದ್ದು, ತಿಯೆನ್ ಶಾನ್ ಭಾಗದಲ್ಲಿ ಖಂಡಗಳು ಕೂಡಿಕೊಂಡ ನಂತರದ್ದು. ಒಂದನ್ನು ಹುಡುಕುವ ದಾರಿಯಲ್ಲಿ ಇನ್ನೊಂದು ಸಿಗುವುದಿಲ್ಲ.

ಮಲಯ ಪರ್ಯಾಯದ್ವೀಪದ ತವರದಲ್ಲಿ ಲೆಕ್ಕ ತಿರುಗುಮುರುಗು, ತಾಮ್ರ ತರದ ಬಗೆಯ ಗ್ರಾನೈಟೇ ಅಲ್ಲಿ ಅದಿರು ತರುತ್ತದೆ. ಸಿಬುಮಾಸು ಎಂಬ ಭೂಖಂಡದ ತುಣುಕು ಬಂದು ಸೇರಿದ ಮೇಲೆ, 22ರಿಂದ 20 ಕೋಟಿ ವರ್ಷಗಳ ಹಿಂದೆ, ಪಶ್ಚಿಮದ ಬೆಟ್ಟಸಾಲಿನ ಗ್ರಾನೈಟ್‌ಗಳು ಬಂದವು. ಆಮ್ಲಜನಕ ಕಡಿಮೆ ಇರುವ ಇಂಥ ಪಾಕದಲ್ಲಿ ತವರ ಹರಳುಗಳೊಳಗೆ ಸೇರದೆ ಕೊನೆಯ ಹನಿಯವರೆಗೂ ಉಳಿದು ಸಾಂದ್ರವಾಗುತ್ತದೆ. ಆಮ್ಲಜನಕ ಹೆಚ್ಚಿದ್ದರೆ ಮ್ಯಾಗ್ನಟೈಟ್, ಟೈಟನೈಟ್‌ಗಳು ಅದನ್ನು ಮೊದಲೇ ನುಂಗಿ ಚದುರಿಸಿಬಿಡುತ್ತವೆ. ಹಾಗಾಗಿ ತವರ ಹುಡುಕುವವರು ಕಾಂತಗ್ರಾಹಿತೆ, ಅಂದರೆ ಕಲ್ಲು ಕಾಂತಕ್ಕೆ ಎಷ್ಟು ಸ್ಪಂದಿಸುತ್ತದೆ ಎಂದು ಅಳೆಯುವ ಕೈಮೀಟರ್ ಒಯ್ಯಬೇಕು. ಶುನ್ಸೊ ಇಶಿಹಾರಾ 1977ರಲ್ಲಿ ವಿವರಿಸಿದ ವಿಂಗಡಣೆಯಲ್ಲಿ 0.003 ಎಸ್‌ಐ ಮಾನಕ್ಕಿಂತ ಕಡಿಮೆ ಬಂದರೆ ಇಲ್ಮೆನೈಟ್ ಸರಣಿ (ಮ್ಯಾಗ್ನಟೈಟ್ ಹೆಚ್ಚುಕಡಿಮೆ ಇಲ್ಲದ, ಆಮ್ಲಜನಕ ಕಡಿಮೆಯ ಗ್ರಾನೈಟ್), ತವರಕ್ಕೆ ಆಸೆಯಿಡಬಹುದು. ಆದರೆ ಸವೆದ ಮೈಯಲ್ಲಿ ಮ್ಯಾಗ್ನಟೈಟ್ ತುಕ್ಕು ಹಿಡಿದು ಹೆಮಟೈಟ್ ಆಗಿರುತ್ತದೆ, ಮೀಟರ್ ಸುಮ್ಮನೆ ಕಡಿಮೆ ತೋರಿಸುತ್ತದೆ. ಸುತ್ತಿಗೆಯಿಂದ ಒಡೆದು, ಹಸಿ ಮೈ ಕಂಡ ಮೇಲೆ ಹತ್ತು ಕಡೆ ಅಳೆಯಿರಿ.