ಆ ಹತ್ತು ಸೆಕೆಂಡ್ ಎಲ್ಲಿಂದ ಬರುತ್ತದೆ?

ಕೇಳುಗರಿಗೆ ನಮಸ್ಕಾರ. ರೇಸ್ ಟ್ರ್ಯಾಕಿನ ಒಂದು ಸುತ್ತನ್ನು ಹತ್ತು ಸೆಕೆಂಡ್ ಬೇಗ ಮುಗಿಸಬೇಕಾದರೆ ಆ ಸಮಯ ಎಲ್ಲಿ ಉಳಿಯುತ್ತದೆ, ಅದರ ಅಪಾಯವೇನು ಎಂಬುದು ಇವತ್ತಿನ ಮಾತು.

ಜರ್ಮನಿಯ ಐಫೆಲ್ ಬೆಟ್ಟಸಾಲಿನ ಕಾಡಿನಲ್ಲಿ ನ್ಯೂರ್‌ಬುರ್ಗ್‌ರಿಂಗ್ ಎಂಬ ರೇಸ್ ಟ್ರ್ಯಾಕ್ ಇದೆ. 1927ರಲ್ಲಿ ಶುರುವಾದದ್ದು. ಅದರ ಹಳೆಯ ಉತ್ತರದ ಸುತ್ತು, ನಾರ್ಡ್‌ಶ್ಲೈಫೆ, 20.832 ಕಿಲೋಮೀಟರ್ ಉದ್ದ. 1983ರಲ್ಲಿ ಒಂದು ರೇಸಿನ ಅರ್ಹತಾ ಸುತ್ತಿನಲ್ಲಿ ಜರ್ಮನ್ ರೇಸ್ ಡ್ರೈವರ್ ಸ್ಟೆಫಾನ್ ಬೆಲ್ಲೋಫ್ ಅದನ್ನು ಪೋರ್ಷೆ 956 ಕಾರಿನಲ್ಲಿ 6 ನಿಮಿಷ 11 ಸೆಕೆಂಡಿನಲ್ಲಿ ಸುತ್ತಿದರು. ಆ ದಾಖಲೆ ಮುರಿಯಲು 35 ವರ್ಷ ಬೇಕಾಯಿತು. ಅದನ್ನು ಎಲ್ಲರೂ ಹೇಳುತ್ತಾರೆ. ಅದೇ ರೇಸಿನಲ್ಲಿ, ಮುಂದಿದ್ದಾಗಲೇ, ಫ್ಲಾಂಟ್ಸ್‌ಗಾರ್ಟನ್ ಎಂಬಲ್ಲಿ ಅವರ ಕಾರು ಜಜ್ಜಿಹೋದದ್ದನ್ನು ಹೇಳುವವರು ಕಡಿಮೆ. ಬೆಲ್ಲೋಫ್ ಅಂದು ಬದುಕುಳಿದರು.

ಒಂದು ಸಣ್ಣ ಲೆಕ್ಕ ನೋಡೋಣ. 8 ನಿಮಿಷದ ಸುತ್ತಿನಲ್ಲಿ ಸರಾಸರಿ ವೇಗ ಗಂಟೆಗೆ 156 ಕಿಲೋಮೀಟರ್. 10 ಸೆಕೆಂಡ್ ಉಳಿಸಿದರೆ ಅದು ಸುಮಾರು 160 ಆಗುತ್ತದೆ. ನಾಲ್ಕೇ ಕಿಲೋಮೀಟರ್, ಅದೇನು ಮಹಾ ಅನ್ನಿಸಬಹುದು. ಆದರೆ ಎಂಜಿನ್ ಅದೇ ಇದ್ದಾಗ ನೇರ ದಾರಿಯಲ್ಲಿ ಹೆಚ್ಚೇನೂ ಗಿಟ್ಟುವುದಿಲ್ಲ. ಉಳಿತಾಯವೆಲ್ಲ ತಿರುವುಗಳಲ್ಲೇ ಆಗಬೇಕು. ಬ್ರೇಕ್ ತಡವಾಗಿ ತುಳಿಯಬೇಕು, ತಿರುವಿನೊಳಗೆ ವೇಗ ಹೆಚ್ಚಿಸಬೇಕು. ತಿರುವಿನ ವೇಗ ಶೇಕಡಾ 5ರಷ್ಟು ಏರಿದರೆ ಟೈರಿನಿಂದ ಶೇಕಡಾ 10ರಷ್ಟು ಹೆಚ್ಚು ಹಿಡಿತ ಬೇಕು. ಹೊಸ ಟ್ರ್ಯಾಕ್‌ಗಳಲ್ಲಿ ಆ ಹಿಡಿತ ತಪ್ಪಿದರೆ ಕಾರು ಪಕ್ಕದ ಬಯಲಿಗೆ ಜಾರಿ ನಿಲ್ಲುತ್ತದೆ. ಇಲ್ಲಿ ಬಹಳ ಕಡೆ ಒಂದಷ್ಟು ಹುಲ್ಲು, ಅದರಾಚೆಗೆ ಕಬ್ಬಿಣದ ಬೇಲಿ, ಅಷ್ಟೇ.

ಏರುತಗ್ಗಿನ ಕಾಟ ಇನ್ನೂ ದೊಡ್ಡದು. 300 ಮೀಟರ್ ತ್ರಿಜ್ಯದಲ್ಲಿ ಬಾಗಿದ ದಿಬ್ಬವೊಂದನ್ನು ಊಹಿಸಿಕೊಳ್ಳಿ. ಅದರ ನೆತ್ತಿಯನ್ನು 150ರ ವೇಗದಲ್ಲಿ ದಾಟಿದರೆ ಚಕ್ರಗಳ ಮೇಲೆ ಕಾರಿನ ತೂಕದ ಶೇಕಡಾ 40ರಷ್ಟು ಮಾತ್ರ ಉಳಿಯುತ್ತದೆ. 195ಕ್ಕೆ ಏನೂ ಉಳಿಯುವುದಿಲ್ಲ. ತೂಕವಿಲ್ಲದ ಚಕ್ರಕ್ಕೆ ಸ್ಟೀರಿಂಗೂ ಇಲ್ಲ, ಬ್ರೇಕೂ ಇಲ್ಲ. ರೇಸ್ ಕಾರಿನಲ್ಲಿ ಅಪಾಯ ಇನ್ನೊಂದು ಬಗೆಯದು. ಗಾಳಿ ಕಾರನ್ನು ನೆಲಕ್ಕೆ ಒತ್ತಿ ಹಿಡಿದಿರುತ್ತದೆ; ದಿಬ್ಬದಲ್ಲಿ ಮೂತಿ ಮೇಲೆದ್ದರೆ ಅದೇ ಗಾಳಿ ಅಡಿಗೆ ನುಗ್ಗಿ ಕಾರನ್ನು ಎತ್ತಿಬಿಡುತ್ತದೆ. 2015ರ ಮಾರ್ಚ್‌ನಲ್ಲಿ ಫ್ಲೂಗ್‌ಪ್ಲಾಟ್ಸ್ ಎಂಬಲ್ಲಿ ಹೀಗೆ ಎದ್ದ ಕಾರು ಬೇಲಿ ದಾಟಿ ಬಿತ್ತು, ಪ್ರೇಕ್ಷಕರೊಬ್ಬರು ಸತ್ತರು. ಆಮೇಲೆ ಕೆಲವು ಭಾಗಗಳಿಗೆ ವೇಗದ ಮಿತಿ ಬಂತು, ದಾಖಲೆ ಯತ್ನಗಳು ನಿಂತವು. ರಸ್ತೆಯ ಉಬ್ಬು ತಗ್ಗಿಸಿದ ಮೇಲೆ, 2016ರಲ್ಲಿ, ಮಿತಿ ತೆಗೆದರು.

ಕಂಪನಿಗಳು ದಾಖಲೆಗೆ ಇಳಿಯುವಾಗ ಟ್ರ್ಯಾಕ್ ಖಾಲಿ ಇರುತ್ತದೆ, ಡ್ರೈವರ್ ಪಳಗಿದವರು, ಟೈರ್ ಹೊಸದು. ಸಾರ್ವಜನಿಕರಿಗೆ ಬಿಡುವ ದಿನಗಳಲ್ಲಿ ಅದೇ ಹಾದಿ ಶುಲ್ಕ ಕೊಟ್ಟು ಹೋಗುವ ಒಂದುಮುಖ ರಸ್ತೆ. ಸಂಸಾರ ಹೊತ್ತ ಕಾರೂ ಇರುತ್ತದೆ; 2024ರವರೆಗೆ ಬೈಕೂ ಇರುತ್ತಿತ್ತು. ಎಡದಿಂದ ಮಾತ್ರ ಹಿಂದಿಕ್ಕಬೇಕು. ಸಮಯ ಅಳೆದು ಓಡಿಸುವುದು ನಿಷಿದ್ಧ. ಬೇಲಿಗೆ ಗುದ್ದಿದರೆ ರಿಪೇರಿಯ ಬಿಲ್ಲು ಗುದ್ದಿದವರಿಗೇ ಬರುತ್ತದೆ. ಅಂಥ ಸುತ್ತಿನ ಸಮಯವನ್ನು ಕಂಪನಿಯ ದಾಖಲೆಗೆ ಹೋಲಿಸುವುದೇ ತಪ್ಪು. ಕಂಪನಿಗಳ ಅಂಕಿಗಳಲ್ಲೂ 20.6 ಕಿಲೋಮೀಟರ್ ಮಾತ್ರ ಅಳೆದವು ಕೆಲವು, ಪೂರ್ತಿ 20.832 ಅಳೆದವು ಕೆಲವು. ಅಷ್ಟರಲ್ಲೇ ನಾಲ್ಕೈದು ಸೆಕೆಂಡ್ ವ್ಯತ್ಯಾಸ!

ಮೊದಲು ಕೈಕೊಡುವುದು ಹೆಚ್ಚಾಗಿ ಬ್ರೇಕ್. ಡಾಟ್ 4 ಎಂಬ ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯುವುದಿಲ್ಲ. ತೇವ ಹೀರಿ ಹಳತಾದರೆ 155ರ ಹತ್ತಿರವೇ ಕುದಿಯಬಹುದು. ಕುದಿದಾಗ ಎದ್ದ ಗುಳ್ಳೆಗಳು ಒತ್ತಿದರೆ ಕುಗ್ಗುತ್ತವೆ, ಪೆಡಲ್ ನೆಲ ಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ. ಟ್ರ್ಯಾಕಿಗೆ ಹೋಗುವ ಮುನ್ನ ಆಯಿಲ್ ಬದಲಿಸಿ, ಪ್ಯಾಡಿನ ದಪ್ಪ ನೋಡಿ, ಚಕ್ರದ ನಟ್ಟುಗಳನ್ನು ಬಿಗಿತ ಅಳೆಯುವ ಟಾರ್ಕ್ ವ್ರೆಂಚಿನಿಂದ ಬಿಗಿಮಾಡಿ. ಟೈರ್ ಕಾದಾಗ ಗಾಳಿಯ ಒತ್ತಡ ಏರುತ್ತದೆ. ಬಿಸಿ ಇರುವಾಗ ಅಳೆದು ಇಳಿಸಿದ್ದರೆ, ಆರಿದ ಮೇಲೆ ಮತ್ತೆ ತುಂಬಿಸದೆ ಹೆದ್ದಾರಿಗೆ ಇಳಿಯಬೇಡಿ.

ಪೆಡಲ್ ಮೆತ್ತಗಾದ ಕ್ಷಣವೇ ವೇಗ ಇಳಿಸಿ, ಬಲಕ್ಕೆ ಸರಿದು, ಹಿಂದಿನವರಿಗೆ ದಾರಿ ಬಿಡಿ. ಕೊನೆಯ ಕೆಲವು ಕಿಲೋಮೀಟರ್ ಬ್ರೇಕ್ ಮುಟ್ಟದೆ ನಿಧಾನವಾಗಿ ಬನ್ನಿ, ಡಿಸ್ಕ್ ಆರಲಿ. ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ಕಾದ ಡಿಸ್ಕಿಗೆ ಪ್ಯಾಡ್ ಒತ್ತಿ ಕೂತರೆ ಅಲ್ಲೇ ಕಲೆ ಬೀಳುತ್ತದೆ. ಗಾಡಿಯನ್ನು ಗೇರಿನಲ್ಲಿ ಬಿಟ್ಟು, ಚಕ್ರಕ್ಕೆ ಕಲ್ಲು ಕೊಡಿ.